ಆಕಾಶಮಾರ್ಗದ ಕಾವಲು ಮತ್ತು ಅದರ ಖರ್ಚು

ವಿಮಾನದ ಟಿಕೆಟ್ಟಿಗೆ ನಾವು ಕೊಡುವ ಹಣದಲ್ಲಿ ಒಂದು ಸಣ್ಣ ಪಾಲು, ನಾವು ಎಂದೂ ಮುಖ ಕಾಣದ ಒಬ್ಬರ ಸಂಬಳಕ್ಕೆ ಸಲ್ಲುತ್ತದೆ. ಅವರು ವಿಮಾನದಲ್ಲಿರುವವರಲ್ಲ. ನೆಲದ ಮೇಲೆ, ಅನೇಕ ವೇಳೆ ನೂರಾರು ಮೈಲಿ ದೂರದಲ್ಲಿ, ಮಂದ ಬೆಳಕಿನ ಕೋಣೆಯೊಂದರಲ್ಲಿ ಪರದೆಯ ಮುಂದೆ ಕುಳಿತಿರುತ್ತಾರೆ. ಪರದೆಯ ಮೇಲೆ ಸರಿಯುವ ಒಂದೊಂದು ಚುಕ್ಕಿಯೂ ಒಂದೊಂದು ವಿಮಾನ. ಇಷ್ಟು ಎತ್ತರಕ್ಕೆ ಏರಿ, ಇಷ್ಟು ಎಡಕ್ಕೆ ತಿರುಗಿ, ಸ್ವಲ್ಪ ಕಾದಿರಿ ಎಂದು ಚಾಲಕರಿಗೆ ರೇಡಿಯೋ ಮೂಲಕ ಹೇಳುತ್ತಿರುತ್ತಾರೆ. ಇವರೇ ವಿಮಾನ ಸಂಚಾರ ನಿಯಂತ್ರಕರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಮಾತು ನಮ್ಮಲ್ಲಿ ಉಂಟು. ಈ ಅಂಬಿಗರ ಹಂಗು ಹೊಳೆ ದಾಟುವಾಗಲೂ ನಮಗೆ ತಿಳಿಯುವುದಿಲ್ಲ.

ಬಹುಕಾಲ ಈ ಕೆಲಸ ಹೆಚ್ಚಿನ ದೇಶಗಳಲ್ಲಿ ಸರ್ಕಾರದ ಇಲಾಖೆಯದಾಗಿಯೇ ಇತ್ತು. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಹಲವು ದೇಶಗಳು ಇದನ್ನು ಇಲಾಖೆಯ ಕೈಯಿಂದ ತೆಗೆದು, ತನ್ನ ಖರ್ಚನ್ನು ತಾನೇ ಸಂಪಾದಿಸಿಕೊಳ್ಳುವ ಕಂಪೆನಿಗಳಿಗೆ ಒಪ್ಪಿಸಿವೆ. ಇದಕ್ಕೆ ವಾಣಿಜ್ಯೀಕರಣವೆಂದು ಹೆಸರು. ಇದು ಖಾಸಗೀಕರಣವೇ ಆಗಬೇಕೆಂದಿಲ್ಲ. ಮಾಲೀಕತ್ವ ಸರ್ಕಾರದಲ್ಲಿಯೇ ಇದ್ದು, ನಡೆಯುವ ರೀತಿ ಮಾತ್ರ ವ್ಯಾಪಾರದ ರೀತಿಯಾಗಬಹುದು. ಹಾಗೆ ಮಾಡಿದ ದೇಶಗಳಿಗೆ ಬಂದ ಲಾಭವೇನು, ತೊಡಕೇನು? ಪ್ರಾಣರಕ್ಷಣೆಯ ಕೆಲಸವನ್ನು ದರಪಟ್ಟಿ ಹಾಕಿ ನಡೆಸಬಹುದೆ?

ಮೊದಲು ಕೆಲಸದ ಸ್ವರೂಪವನ್ನು ತಿಳಿಯೋಣ. ೧೯೨೯ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಮಾನ ನಿಲ್ದಾಣವು ಆರ್ಚಿ ಲೀಗ್ ಎಂಬುವರನ್ನು ಈ ಕೆಲಸಕ್ಕೆ ನೇಮಿಸಿಕೊಂಡಿತು. ಅವರ ಸಲಕರಣೆಗಳೆಂದರೆ ಒಂದು ಕೈಗಾಡಿ, ಒಂದು ಕುರ್ಚಿ, ಬಿಸಿಲಿಗೆ ಕೊಡೆ, ಮತ್ತು ಎರಡು ಬಾವುಟಗಳು. ಚೌಕಳಿ ಬಾವುಟ ಬೀಸಿದರೆ ಹೊರಡಬಹುದು, ಕೆಂಪು ಬಾವುಟ ಬೀಸಿದರೆ ನಿಲ್ಲಬೇಕು. ಬಾವುಟ ಹೋಗಿ ರೇಡಿಯೋ ಬಂದಿತು, ರೇಡಿಯೋ ಜೊತೆಗೆ ರೇಡಾರ್ ಬಂದಿತು. ನಿಯಮ ಮಾತ್ರ ಇಂದಿಗೂ ಒಂದೇ: ಎರಡು ವಿಮಾನಗಳ ನಡುವೆ ಅಂತರವಿರಬೇಕು. ನಿಲ್ದಾಣದಿಂದ ದೂರದ ಮಾರ್ಗಗಳಲ್ಲಿ ಸಾಮಾನ್ಯವಾಗಿ ಮೇಲೆ ಕೆಳಗೆ ಸಾವಿರ ಅಡಿ, ಇಲ್ಲವೆ ಅಕ್ಕಪಕ್ಕದಲ್ಲಿ ಐದು ನಾವಿಕ ಮೈಲಿ. ನಿಯಂತ್ರಕರು ಜಗತ್ತಿಗೆ ಒದಗಿಸುವ ವಸ್ತು ಈ ಅಂತರವೇ.

ಅಂತರ ತಪ್ಪಿದರೆ ಆಗುವುದೇನೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದಾರುಣ ನಿದರ್ಶನವಿದೆ. ೧೯೯೬ರ ನವೆಂಬರ್ ೧೨ರ ಸಂಜೆ ದಿಲ್ಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೂ, ದಿಲ್ಲಿಗೆ ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೂ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿಯಾಗಿ ೩೪೯ ಜನ ಮಡಿದರು. ಇಳಿಯುತ್ತಿದ್ದ ವಿಮಾನ ತನಗೆ ಗೊತ್ತುಮಾಡಿದ್ದ ೧೫,೦೦೦ ಅಡಿಗಿಂತ ಕೆಳಕ್ಕೆ ಬಂದುದೇ ಮುಖ್ಯ ಕಾರಣವೆಂದು ವಿಚಾರಣೆ ತೀರ್ಮಾನಿಸಿತು. ಆದರೆ ವಿಮಾನದ ಎತ್ತರವನ್ನು ಪರದೆಯ ಮೇಲೆ ತೋರಿಸಬಲ್ಲ ರೇಡಾರ್ ದಿಲ್ಲಿಯಲ್ಲಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಏರುವವರಿಗೂ ಇಳಿಯುವವರಿಗೂ ಒಂದೇ ಓಣಿ ಇತ್ತು. ಅನಂತರ ಅವರಿಗೆ ಬೇರೆ ಬೇರೆ ಮಾರ್ಗಗಳಾದುವು. ಘರ್ಷಣೆಯ ಮುನ್ನೆಚ್ಚರಿಕೆ ಕೊಡುವ ಯಂತ್ರ ಕಡ್ಡಾಯವಾಯಿತು. ಈ ಕ್ಷೇತ್ರದಲ್ಲಿ ಹೊಸ ಉಪಕರಣ ತಡವಾಗಿ ಬಂದರೆ ಕೊಡಬೇಕಾದ ಬೆಲೆ ರೂಪಾಯಿಗಳಲ್ಲಿ ಮಾತ್ರ ಇರುವುದಿಲ್ಲ.

ಇಂಥ ಕೆಲಸದ ಹೊಣೆ ಯಾರದು? ೧೯೪೪ರ ಡಿಸೆಂಬರ್‌ನಲ್ಲಿ ಷಿಕಾಗೋ ನಗರದಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದವು ಇದಕ್ಕೆ ಉತ್ತರ ಕೊಟ್ಟಿದೆ. ಪ್ರತಿಯೊಂದು ರಾಜ್ಯಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಪೂರ್ಣ ಅಧಿಕಾರವುಂಟು. ಅಲ್ಲಿ ಸಂಚರಿಸುವ ವಿಮಾನಗಳಿಗೆ ಮಾರ್ಗದರ್ಶನದ ಅನುಕೂಲಗಳನ್ನು ಒದಗಿಸುವ ಕರ್ತವ್ಯವೂ ಉಂಟು. ಒದಗಿಸಿದ ಸೇವೆಗೆ ಶುಲ್ಕ ಪಡೆಯಬಹುದು, ಆದರೆ ಬರಿಯ ಹಾದುಹೋಗುವ ಹಕ್ಕಿಗೆಂದು ಸುಂಕ ವಸೂಲು ಮಾಡಕೂಡದು. ಸ್ವದೇಶಿ ವಿಮಾನಕ್ಕೂ ಪರದೇಶಿ ವಿಮಾನಕ್ಕೂ ಭೇದವೆಣಿಸಕೂಡದು. ವಾಣಿಜ್ಯೀಕರಣದ ಕಥೆಯೆಲ್ಲ ಈ ಚೌಕಟ್ಟಿನೊಳಗೇ ನಡೆದಿದೆ.

ಹಾಗಾದರೆ ಸರ್ಕಾರಗಳು ಈ ಕೆಲಸವನ್ನು ಬಿಟ್ಟುಕೊಡಲು ಹೊರಟುದೇಕೆ? ವಿಮಾನಗಳ ಸಂಖ್ಯೆ ವರ್ಷವರ್ಷಕ್ಕೆ ಏರುತ್ತದೆ. ರೇಡಾರ್, ಗಣಕಯಂತ್ರ, ತರಬೇತಿ, ಇವಕ್ಕೆ ಹತ್ತಾರು ವರ್ಷ ಮುಂದಾಲೋಚಿಸಿ ಹಣ ಹೂಡಬೇಕು. ಸರ್ಕಾರದ ಆಯವ್ಯಯವಾದರೋ ವರ್ಷಕ್ಕೊಮ್ಮೆ ಮಂಜೂರಾಗುವಂಥದು. ಆಸ್ಪತ್ರೆ, ಶಾಲೆ, ಸೈನ್ಯಗಳ ಬೇಡಿಕೆಯ ಜೊತೆಗೆ ರೇಡಾರ್ ಕೂಡ ಸರದಿಯಲ್ಲಿ ನಿಲ್ಲಬೇಕು. ಅಮೆರಿಕದಲ್ಲಿ ೨೦೧೮ರ ಡಿಸೆಂಬರ್‌ನಿಂದ ೨೦೧೯ರ ಜನವರಿಯವರೆಗೆ ಆಯವ್ಯಯದ ಜಗಳದಿಂದಾಗಿ ೩೫ ದಿನ ಸರ್ಕಾರದ ಅನೇಕ ಕಚೇರಿಗಳು ಮುಚ್ಚಿದುವು. ನಿಯಂತ್ರಕರು ಸಂಬಳವಿಲ್ಲದೆ ಕೆಲಸ ಮಾಡಿದರು. ಕೊನೆಗೆ ಸಿಬ್ಬಂದಿ ಸಾಲದೆ ನ್ಯೂಯಾರ್ಕಿನ ನಿಲ್ದಾಣದಲ್ಲಿ ವಿಮಾನಗಳು ನಿಂತುಹೋದ ದಿನವೇ ರಾಜಿಯೂ ಆಯಿತು. ರಾಜಕೀಯದ ಬಿಸಿಲು ಮಳೆ ಕಾವಲುಗಾರರ ತಲೆಯ ಮೇಲೆ ಬೀಳಬಾರದು ಎನ್ನುವ ವಾದಕ್ಕೆ ಇಂಥ ಪ್ರಸಂಗಗಳೇ ಬಲ ಕೊಡುತ್ತವೆ.

ಮೊದಲ ಹೆಜ್ಜೆಯಿಟ್ಟುದು ನ್ಯೂಜಿಲೆಂಡ್. ಅಲ್ಲಿ ೧೯೮೭ರಲ್ಲಿ ಸರ್ಕಾರದ ಒಡೆತನದ ಏರ್‌ವೇಸ್ ಕಾರ್ಪೊರೇಷನ್ ಹುಟ್ಟಿತು. ೧೯೯೩ರಲ್ಲಿ ಜರ್ಮನಿ ಅದೇ ದಾರಿ ಹಿಡಿಯಿತು. ಆದರೆ ಎಲ್ಲರೂ ಎತ್ತಿ ತೋರಿಸುವ ಮಾದರಿ ಕೆನಡಾ ದೇಶದ್ದು. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಕೆನಡಾದ ಹೊಣೆಯಲ್ಲಿರುವ ಆಕಾಶದ ವಿಸ್ತಾರ ಸುಮಾರು ೧೮೦ ಲಕ್ಷ ಚದರ ಕಿಲೋಮೀಟರು. ಧ್ರುವಪ್ರದೇಶದಿಂದ ಅಟ್ಲಾಂಟಿಕ್ ಸಾಗರದ ನಡುವಿನವರೆಗೆ ಅದು ಹರಡಿದೆ. ೧೯೯೦ರ ದಶಕದ ಮೊದಲಲ್ಲಿ ಅಲ್ಲಿನ ಸಾರಿಗೆ ಇಲಾಖೆ ಈ ಕೆಲಸ ನಡೆಸುತ್ತಿತ್ತು. ಪ್ರಯಾಣಿಕರ ಟಿಕೆಟ್ಟಿನ ಮೇಲೆ ಹಾಕಿದ ತೆರಿಗೆಯಿಂದ ಖರ್ಚು ತುಂಬುತ್ತಿರಲಿಲ್ಲ. ಸರ್ಕಾರಿ ನೌಕರರ ಸಂಬಳ ಏರದಂತೆ ತಡೆಹಿಡಿಯಲಾಗಿತ್ತು. ಹೊಸ ಗಣಕ ವ್ಯವಸ್ಥೆಯ ಕೆಲಸ ಕುಂಟುತ್ತಿತ್ತು. ವಿಮಾನ ಕಂಪೆನಿಗಳು, ಚಾಲಕರು, ನಿಯಂತ್ರಕರ ಸಂಘಗಳು, ಸರ್ಕಾರ ಎಲ್ಲರೂ ಕೂಡಿ ಮಾತುಕತೆ ನಡೆಸಿ ಒಂದು ಒಪ್ಪಂದಕ್ಕೆ ಬಂದರು. ಅದರಂತೆ ೧೯೯೬ರ ನವೆಂಬರ್ ೧ರಂದು, ಚರ್ಖಿ ದಾದ್ರಿಯ ದುರಂತಕ್ಕೆ ಹನ್ನೊಂದು ದಿನ ಮೊದಲು, ಇಡೀ ವ್ಯವಸ್ಥೆ ೧೫೦ ಕೋಟಿ ಕೆನಡಿಯನ್ ಡಾಲರಿಗೆ ನ್ಯಾವ್ ಕೆನಡಾ ಎಂಬ ಸಂಸ್ಥೆಗೆ ಮಾರಾಟವಾಯಿತು.

ಈ ಸಂಸ್ಥೆಗೆ ಷೇರುದಾರರಿಲ್ಲ, ಲಾಭಾಂಶ ಹಂಚುವ ಪ್ರಶ್ನೆಯೂ ಇಲ್ಲ. ಉಳಿತಾಯವಾದರೆ ದರ ಇಳಿಸಬೇಕು, ಇಲ್ಲವೆ ಉಪಕರಣಕ್ಕೆ ಹಾಕಬೇಕು. ಬೇಕಾದ ಬಂಡವಾಳವನ್ನು ಸಾಲಪತ್ರಗಳ ಮೂಲಕ ಎತ್ತುತ್ತದೆ. ಆಡಳಿತ ಮಂಡಲಿಯಲ್ಲಿ ೧೫ ಜನ. ವಿಮಾನ ಕಂಪೆನಿಗಳ ಪರವಾಗಿ ನಾಲ್ವರು, ವ್ಯಾಪಾರಸ್ಥರ ಸಣ್ಣ ವಿಮಾನಗಳ ಪರವಾಗಿ ಒಬ್ಬರು, ಸರ್ಕಾರದ ಪರವಾಗಿ ಮೂವರು, ನೌಕರರ ಸಂಘಗಳ ಪರವಾಗಿ ಇಬ್ಬರು. ಈ ಹತ್ತು ಜನ ಸೇರಿ ಯಾರ ಕಡೆಗೂ ಸೇರದ ನಾಲ್ವರನ್ನು ಆರಿಸುತ್ತಾರೆ; ಹದಿನೈದನೆಯವರು ಸಂಸ್ಥೆಯ ಮುಖ್ಯಾಧಿಕಾರಿ. ವಿಮಾನ ಕಂಪೆನಿ ಹೆಸರಿಸಿದ ಸದಸ್ಯರು ಆ ಕಂಪೆನಿಯ ನೌಕರರಾಗಿರುವಂತಿಲ್ಲ ಎಂಬ ಷರತ್ತೂ ಉಂಟು.

ಇದನ್ನು ಓದಿದಾಗ ನಮ್ಮ ಹಳ್ಳಿಗಳ ನೀರುಗಂಟಿಯ ನೆನಪಾಗುತ್ತದೆ. ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಯಾವಾಗ ಎಷ್ಟು ನೀರೆಂದು ಗೊತ್ತುಮಾಡುವವನು ಅವನು. ಕೂಲಿಯನ್ನು ನೀರು ಬಳಸುವ ರೈತರೇ ಧಾನ್ಯದಲ್ಲಿ ಕೊಡುತ್ತಿದ್ದರು. ಆದರೆ ಅವನು ಯಾವ ಒಬ್ಬ ರೈತನ ಆಳೂ ಅಲ್ಲ. ಹೆಚ್ಚು ಧಾನ್ಯ ಅಳೆದವನ ಗದ್ದೆಗೆ ಮೊದಲು ನೀರು ಬಿಡುವ ನೀರುಗಂಟಿ ಊರನ್ನೇ ಕೆಡಿಸುತ್ತಾನೆ. ಬಳಸುವವರು ಹಣ ಕೊಡಲಿ, ಆದರೆ ಹಣ ಕೊಟ್ಟವರು ಒಡೆಯರಾಗದಿರಲಿ ಎಂಬುದೇ ಕೆನಡಾದ ಏರ್ಪಾಡಿನ ತಿರುಳು.

ಶುಲ್ಕದ ಲೆಕ್ಕವೂ ಸ್ವಾರಸ್ಯವಾದುದು. ಹಿಂದೆ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟುತ್ತಿದ್ದುದು ಹಿರಿಯರಿಗೆ ಜ್ಞಾಪಕವಿರಬಹುದು. ಕೇಳುವವರೇ ಖರ್ಚು ವಹಿಸಬೇಕೆಂಬುದು ಅದರ ತತ್ತ್ವ; ಆಕಾಶದಲ್ಲಿಯೂ ತತ್ತ್ವ ಅದೇ. ಕೆನಡಾದಲ್ಲಿ, ಯೂರೋಪಿನಲ್ಲಿ, ಮಾರ್ಗದ ಶುಲ್ಕವನ್ನು ವಿಮಾನ ಕ್ರಮಿಸಿದ ದೂರಕ್ಕೂ ಅದರ ಭಾರದ ವರ್ಗಮೂಲಕ್ಕೂ ಹೊಂದಿಸಿ ಕಟ್ಟುತ್ತಾರೆ. ಒಂದೇ ದೂರಕ್ಕೆ ೫೦ ಟನ್ ಭಾರದ ವಿಮಾನ ೧೦೦ ರೂಪಾಯಿ ಕೊಟ್ಟರೆ ೨೦೦ ಟನ್ ಭಾರದ ವಿಮಾನ ೪೦೦ ರೂಪಾಯಿ ಕೊಡುವುದಿಲ್ಲ. ೨೦೦ ರೂಪಾಯಿ ಕೊಡುತ್ತದೆ. ದೊಡ್ಡದಾಗಲಿ ಚಿಕ್ಕದಾಗಲಿ, ಪರದೆಯ ಮೇಲೆ ಅದೊಂದು ಚುಕ್ಕಿಯೇ. ನಿಯಂತ್ರಕರ ಶ್ರಮ ಎರಡಕ್ಕೂ ಹೆಚ್ಚುಕಡಮೆ ಒಂದೇ. ಆದರೂ ದೊಡ್ಡ ವಿಮಾನ ಹೆಚ್ಚು ಗಳಿಸುತ್ತದಾದ್ದರಿಂದ ಸ್ವಲ್ಪ ಹೆಚ್ಚು ಕೊಡಲಿ ಎಂದು ಮಾಡಿಕೊಂಡ ನಡುದಾರಿ ಇದು.

ಹೀಗೆ ಬಂದ ಹಣದಿಂದ ಆದ ಕೆಲಸಗಳಲ್ಲಿ ಒಂದು ರೇಡಿಯೋ ಕೇಳುವವರಿಗೆ ವಿಶೇಷವಾಗಿ ರುಚಿಸಬಹುದು. ನೆಲದ ರೇಡಾರ್ ಸಾಗರದ ನಡುವಿಗೆ ಮುಟ್ಟುವುದಿಲ್ಲ. ಅಟ್ಲಾಂಟಿಕ್ ದಾಟುವ ಚಾಲಕರು ಬಹುಕಾಲ ಶಾರ್ಟ್‌ವೇವ್ ರೇಡಿಯೋದಲ್ಲಿ, ಗೊರಗೊರ ಸದ್ದಿನ ನಡುವೆ, ತಾವಿರುವ ಜಾಗವನ್ನು ತಿಳಿಸುತ್ತಿದ್ದರು. ರಾತ್ರಿ ದೂರದ ನಿಲಯ ಹಿಡಿಯಲು ಗುಂಡಿ ತಿರುಗಿಸಿದವರಿಗೆಲ್ಲ ಆ ಸದ್ದಿನ ಪರಿಚಯವಿದೆ. ಹೇಳಿದ್ದು ಸರಿಯಾಗಿ ಕೇಳಿಸೀತೆಂಬ ಭರವಸೆಯಿಲ್ಲದ್ದರಿಂದ ವಿಮಾನಗಳ ನಡುವೆ ಬಹಳ ಅಂತರ ಬಿಡಬೇಕಾಗಿತ್ತು. ಕಾಲಕ್ರಮದಲ್ಲಿ ಉಪಗ್ರಹಗಳ ಮೂಲಕ ಸಂದೇಶ ಕಳುಹಿಸುವ ಏರ್ಪಾಡು ಬಂದಿತು. ನ್ಯಾವ್ ಕೆನಡಾ ಮತ್ತು ಇತರ ಕೆಲವು ಸಂಸ್ಥೆಗಳು ಬಂಡವಾಳ ಹೂಡಿದ ಯೋಜನೆಯಲ್ಲಿ ೬೬ ಉಪಗ್ರಹಗಳ ಮೇಲೆ ಗ್ರಾಹಕ ಯಂತ್ರಗಳನ್ನು ಇಟ್ಟು, ವಿಮಾನಗಳು ತಾವಾಗಿಯೇ ಬಿತ್ತರಿಸುವ ಸ್ಥಾನಸೂಚನೆಯನ್ನು ಮೇಲಿನಿಂದ ಹಿಡಿಯುವ ವ್ಯವಸ್ಥೆಯಾಯಿತು. ೨೦೧೯ರಿಂದ ಉತ್ತರ ಅಟ್ಲಾಂಟಿಕ್‌ನಲ್ಲಿ ಅದು ಬಳಕೆಗೆ ಬಂದಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ವ್ಯಾಪಾರಕ್ಕೆ ಒಳ್ಳೆಯ ದಿನಗಳಿರುವಂತೆ ಕೆಟ್ಟ ದಿನಗಳೂ ಉಂಟು.

ಬ್ರಿಟನ್ ೨೦೦೧ರ ಜುಲೈನಲ್ಲಿ ಬೇರೊಂದು ಕ್ರಮ ಅನುಸರಿಸಿತು. ಅಲ್ಲಿನ ಸಂಸ್ಥೆ ನ್ಯಾಟ್ಸ್‌ನ ಷೇರುಗಳಲ್ಲಿ ಶೇಕಡಾ ೪೯ ಸರ್ಕಾರ ಇಟ್ಟುಕೊಂಡು, ೪೬ನ್ನು ಏಳು ವಿಮಾನ ಕಂಪೆನಿಗಳ ಕೂಟಕ್ಕೆ ಮಾರಿ, ೫ನ್ನು ನೌಕರರಿಗೆ ಕೊಟ್ಟಿತು. ಕೂಟವು ಕೊಂಡುಕೊಳ್ಳಲು ಬೇಕಾದ ಹಣದ ಬಹುಭಾಗವನ್ನು ಸಾಲ ಎತ್ತಿತು. ಎರಡು ತಿಂಗಳೂ ತುಂಬಿರಲಿಲ್ಲ, ಸೆಪ್ಟೆಂಬರ್ ೧೧ ಬಂದಿತು.

ಆ ದಿನ ಅಮೆರಿಕದ ಆಕಾಶವನ್ನು ಮುಚ್ಚಿದಾಗ ಸಾಗರದ ಮೇಲಿದ್ದ ಇನ್ನೂರಕ್ಕೂ ಹೆಚ್ಚು ವಿಮಾನಗಳನ್ನು ಕೆನಡಾದ ನಿಯಂತ್ರಕರು ತಮ್ಮ ನೆಲದಲ್ಲಿ ಇಳಿಸಿದರು. ಸುಮಾರು ಹತ್ತು ಸಾವಿರ ಜನರ ಗ್ಯಾಂಡರ್ ಪಟ್ಟಣವೊಂದರಲ್ಲಿಯೇ ೩೮ ದೊಡ್ಡ ವಿಮಾನಗಳು, ಅವುಗಳಲ್ಲಿದ್ದ ಆರು ಸಾವಿರಕ್ಕೂ ಮಿಕ್ಕ ಜನ ಇಳಿದರು. ಕೆಲಸ ಕಂಪೆನಿಯದಾದರೂ ಕರ್ತವ್ಯನಿಷ್ಠೆ ಕುಗ್ಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಮುಂದಿನ ತಿಂಗಳುಗಳಲ್ಲಿ ಅಟ್ಲಾಂಟಿಕ್ ಸಂಚಾರ ಇಳಿಯಿತು. ಅದರೊಡನೆ ಶುಲ್ಕವೂ ಇಳಿಯಿತು. ಬ್ರಿಟನ್ನಿನ ಸಂಸ್ಥೆ ಸಾಲದ ಭಾರಕ್ಕೆ ಬಳಲಿತು. ೨೦೦೩ರಲ್ಲಿ ಸರ್ಕಾರ ಆರೂವರೆ ಕೋಟಿ ಪೌಂಡು, ವಿಮಾನ ನಿಲ್ದಾಣಗಳ ಕಂಪೆನಿಯೊಂದು ಅಷ್ಟೇ ಹಣ ಹಾಕಿ ಅದನ್ನು ಎತ್ತಿ ನಿಲ್ಲಿಸಬೇಕಾಯಿತು.

೨೦೨೦ರ ಮಹಾಮಾರಿ ಇನ್ನೂ ದೊಡ್ಡ ಪರೀಕ್ಷೆಯಾಯಿತು. ಮಳೆ ಬಾರದ ವರ್ಷ ನೀರುಗಂಟಿಗೆ ಧಾನ್ಯ ಅಳೆಯುವವರಿಲ್ಲ. ಹಾಗೆಂದು ಕೆರೆಯ ಏರಿಯನ್ನು ಕಾಯದೆ ಬಿಡಲಾದೀತೆ? ಹತ್ತು ವಿಮಾನ ಹಾರಿದರೂ ಸಾವಿರ ಹಾರಿದರೂ ಪರದೆಯ ಮುಂದೆ ಜನ ಇರಲೇಬೇಕು. ಆದಾಯ ಕುಸಿದಾಗ ನ್ಯಾವ್ ಕೆನಡಾ ಆ ವರ್ಷದ ಸೆಪ್ಟೆಂಬರ್‌ನಲ್ಲಿ ತನ್ನ ದರಗಳನ್ನು ಸರಾಸರಿ ಶೇಕಡಾ ೨೯.೫ರಷ್ಟು ಏರಿಸಿತು, ೭೦೦ಕ್ಕೂ ಹೆಚ್ಚು ಕೆಲಸಗಳನ್ನು ಕಡಿಮೆ ಮಾಡಿತು. ಗಿರಾಕಿಯೇ ಸಂಕಟದಲ್ಲಿರುವಾಗ ಬೆಲೆ ಏರಿಸಬೇಕಾದ ವಿಚಿತ್ರ ವ್ಯಾಪಾರವಿದು. ಕೆಲವು ವರ್ಷಗಳಲ್ಲಿ ಸಂಚಾರ ಮರಳಿತು, ಆದರೆ ನಿಯಂತ್ರಕರು ಸಾಲದೆ ವಿಮಾನಗಳು ತಡವಾಗತೊಡಗಿದುವು. ನಿಯಂತ್ರಕರನ್ನು ತಯಾರುಮಾಡಲು ವರ್ಷಗಳೇ ಹಿಡಿಯುತ್ತವೆ. ಬೇಡವೆಂದಾಗ ಕಳುಹಿಸಿ, ಬೇಕೆಂದಾಗ ಸಂತೆಯಿಂದ ಕರೆತರುವಂಥ ಜನವಲ್ಲ ಅವರು.

ಇನ್ನು ಎಲ್ಲಕ್ಕಿಂತ ದೊಡ್ಡದಾದ ಸುರಕ್ಷತೆಯ ಪ್ರಶ್ನೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ೨೦೦೫ರಲ್ಲಿ ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ನ್ಯೂಜಿಲೆಂಡ್, ಬ್ರಿಟನ್ ಈ ಐದು ದೇಶಗಳ ಅನುಭವವನ್ನು ಪರೀಕ್ಷಿಸಿ, ದೊರೆತ ಆಧಾರಗಳ ಮಟ್ಟಿಗೆ ಸುರಕ್ಷತೆ ಕುಂದಿಲ್ಲವೆಂದು ವರದಿಮಾಡಿತು. ಇದರ ಕಾರಣವನ್ನು ಹುಡುಕಿದರೆ ಒಂದು ಮುಖ್ಯ ಸಂಗತಿ ಕಾಣುತ್ತದೆ. ಹಿಂದೆ ಕೆಲಸ ಮಾಡುವ ಇಲಾಖೆಯೇ ತನ್ನ ಕೆಲಸವನ್ನು ತಾನೇ ತನಿಖೆ ಮಾಡಿಕೊಳ್ಳುತ್ತಿತ್ತು. ಬೇಲಿಯೇ ಹೊಲ ಮೇಯ್ದರೂ ಕೇಳುವವರಿರಲಿಲ್ಲ. ಕೆಲಸ ಕಂಪೆನಿಗೆ ಹೋದಾಗ ತನಿಖೆ ಸರ್ಕಾರದಲ್ಲಿ ಉಳಿಯಿತು. ಮಾಡುವವರು ಬೇರೆ, ನೋಡುವವರು ಬೇರೆ ಆದರು. ವಾಣಿಜ್ಯೀಕರಣದಿಂದ ಆದ ದೊಡ್ಡ ಲಾಭ ಬಹುಶಃ ಈ ಬೇರ್ಪಡೆಯೇ.

ಆದರೆ ಕೆಲಸ ಕೊಟ್ಟಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ೨೦೦೨ರ ಜುಲೈ ೧ರ ರಾತ್ರಿ ಜರ್ಮನಿಯ ಊಬರ್ಲಿಂಗೆನ್ ಪಟ್ಟಣದ ಮೇಲೆ ಎರಡು ವಿಮಾನಗಳು ಡಿಕ್ಕಿಹೊಡೆದು ೭೧ ಜನ ಸತ್ತರು. ಅವರಲ್ಲಿ ಹೆಚ್ಚಿನವರು ರಷ್ಯದ ಮಕ್ಕಳು. ಆ ಭಾಗದ ಆಕಾಶವನ್ನು ಕಾಯುತ್ತಿದ್ದುದು ಸ್ವಿಟ್ಜರ್ಲೆಂಡಿನ ಸ್ಕೈಗೈಡ್ ಕಂಪೆನಿ. ಆ ರಾತ್ರಿ ಝೂರಿಚ್ ಕೇಂದ್ರದಲ್ಲಿ ಒಬ್ಬರು ವಿಶ್ರಾಂತಿಗೆ ಹೋಗಿ, ಇನ್ನೊಬ್ಬರೇ ಎರಡು ಪರದೆಗಳನ್ನು ನೋಡುತ್ತಿದ್ದರು. ದುರಸ್ತಿಯ ಕಾರಣ ಮುಖ್ಯ ಟೆಲಿಫೋನ್ ಇರಲಿಲ್ಲ. ಆ ಷೇರುಗಳು ಬಹುಮಟ್ಟಿಗೆ ಸ್ವಿಸ್ ಸರ್ಕಾರದವೇ ಆದುದರಿಂದ ಇದನ್ನು ಲಾಭದಾಸೆಯ ಫಲವೆನ್ನಲಾಗದು. ಆದರೂ ೨೦೦೬ರಲ್ಲಿ ಕಾನ್‌ಸ್ಟಾನ್ಸ್ ನಗರದ ನ್ಯಾಯಾಲಯ ಗಮನಾರ್ಹವಾದ ತೀರ್ಪು ಕೊಟ್ಟಿತು: ಆಕಾಶದ ಕಾವಲು ರಾಜ್ಯಾಧಿಕಾರದ ಕೆಲಸ, ಅದನ್ನು ಸರಿಯಾದ ಒಡಂಬಡಿಕೆಯಿಲ್ಲದೆ ಪರರಿಗೆ ಬಿಟ್ಟಿದ್ದರಿಂದ ಜರ್ಮನ್ ಸರ್ಕಾರವೇ ಹೊಣೆ. ಅದೇ ವರ್ಷ ಜರ್ಮನಿಯ ಅಧ್ಯಕ್ಷ ಹಾರ್ಸ್ಟ್ ಕೋಹ್ಲರ್ ಅವರು ತಮ್ಮ ದೇಶದ ನಿಯಂತ್ರಣ ಕಂಪೆನಿಯ ಷೇರುಗಳನ್ನು ಖಾಸಗಿಯವರಿಗೆ ಮಾರುವ ಕಾನೂನಿಗೆ, ಅದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಸಹಿಹಾಕಲು ನಿರಾಕರಿಸಿದರು. ೧೯೯೧ರಲ್ಲಿ ಇಂಥದೇ ವಿಷಯದಲ್ಲಿ ಅಧ್ಯಕ್ಷ ವೈತ್ಸೆಕರ್ ಅವರೂ ಸಹಿ ತಡೆದಿದ್ದರು.

ನಮ್ಮಲ್ಲಿ ಸ್ಥಿತಿ ಹೇಗಿದೆ? ೧೯೯೫ರ ಏಪ್ರಿಲ್ ೧ರಂದು ಎರಡು ಸಂಸ್ಥೆಗಳನ್ನು ಕೂಡಿಸಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವನ್ನು ರಚಿಸಲಾಯಿತು. ನಮ್ಮ ಆಕಾಶದ ನಾಗರಿಕ ಸಂಚಾರದ ಕಾವಲು ಅದರದೇ. ಅದು ಸರ್ಕಾರದ ಸಂಸ್ಥೆಯಾದರೂ ಶುಲ್ಕ ಪಡೆದೇ ನಡೆಯುತ್ತದೆ. ಬಂಗಾಳ ಕೊಲ್ಲಿಯ ಮೇಲೆ ಹಾದುಹೋಗುವ ಪರದೇಶಿ ವಿಮಾನ ನಮ್ಮ ನೆಲಕ್ಕೆ ಕಾಲಿಡದಿದ್ದರೂ ಮಾರ್ಗದರ್ಶನದ ಶುಲ್ಕ ಕೊಡುತ್ತದೆ. ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣವನ್ನು ೨೦೦೮ರಿಂದ ಕಂಪೆನಿಯೊಂದು ನಡೆಸುತ್ತಿದೆ. ಮಂಗಳೂರಿನ ನಿಲ್ದಾಣ ೨೦೨೦ರಲ್ಲಿ ಖಾಸಗಿ ಆಡಳಿತಕ್ಕೆ ಹೋಯಿತು. ಆದರೆ ಈ ಎರಡು ಕಡೆಯೂ ನಿಯಂತ್ರಣ ಗೋಪುರದಲ್ಲಿ ಕುಳಿತವರು ಪ್ರಾಧಿಕಾರದ ನೌಕರರೇ. ಕಟ್ಟಡ, ಅಂಗಡಿ, ಓಡುದಾರಿ ಒಬ್ಬರ ವಶ. ಆಕಾಶ ಇನ್ನೊಬ್ಬರ ವಶ. ನಿಯಂತ್ರಣದ ಭಾಗವನ್ನು ಬೇರೆ ಸಂಸ್ಥೆಯಾಗಿ ಮಾಡಬೇಕೆಂಬ ಸಲಹೆ ನಮ್ಮಲ್ಲಿಯೂ ಆಗಾಗ ಕೇಳಿಬಂದಿದೆ.

ಅಂಥ ದಿನ ಬಂದರೆ ನಾವು ಕೇಳಬೇಕಾದ ಪ್ರಶ್ನೆ ಸರ್ಕಾರವೋ ಕಂಪೆನಿಯೋ ಎಂಬುದಷ್ಟೇ ಅಲ್ಲ. ಹಣ ಕೊಡುವವರು ಕಾವಲುಗಾರರಿಗೆ ಅಪ್ಪಣೆ ಮಾಡದಂತೆ ಏರ್ಪಾಡು ಇದೆಯೆ? ಕೆಲಸವನ್ನು ತನಿಖೆ ಮಾಡುವ ಸ್ವತಂತ್ರರಾದ ಜನ, ಸಾಕಷ್ಟು ಜನ, ಇದ್ದಾರೆಯೆ? ವಿಮಾನಗಳು ಕಡಿಮೆಯಾದ ವರ್ಷದಲ್ಲಿಯೂ ಪರದೆಯ ಮುಂದಿನ ಕುರ್ಚಿ ಖಾಲಿಯಾಗದಂತೆ ಕೂಡಿಟ್ಟ ನಿಧಿ ಇದೆಯೆ? ಈ ಮೂರಕ್ಕೂ ಹೌದೆಂಬ ಉತ್ತರವಿದ್ದರೆ ಫಲಕದ ಮೇಲಿನ ಹೆಸರು ಯಾವುದಾದರೂ ಆಗಬಹುದು. ಒಂದಕ್ಕೆ ಇಲ್ಲವೆಂದಾದರೂ, ಹೆಸರು ಬದಲಾಯಿಸಿದ ಮಾತ್ರಕ್ಕೆ ಆಕಾಶ ಕ್ಷೇಮವಾಗುವುದಿಲ್ಲ. ನಿಯಂತ್ರಕರು ಒಂದು ವಿಮಾನಕ್ಕೆ ಕಾದಿರಿ ಎಂದಾಗ ಕಂಪೆನಿಗೆ ನಷ್ಟವಾಗುತ್ತದೆ, ಪ್ರಯಾಣಿಕರಿಗೆ ಬೇಸರವಾಗುತ್ತದೆ. ಯಾರ ಮುಲಾಜೂ ಇಲ್ಲದೆ ಆ ಮಾತನ್ನು ಹೇಳುವ ಧೈರ್ಯ ಅವರಿಗಿರಬೇಕು. ಆ ಧೈರ್ಯಕ್ಕಾಗಿಯೇ ನಾವು ಹಣ ಕೊಡುತ್ತಿರುವುದು.